ಹತ್ತೊಂಬತ್ತನೇ ಟಿಪ್ಪಣಿ

ಹಾಳೆ ಮಡಚುವ ಹೊಸ ಫೋಲ್ಡಿಂಗ್ ಮಷೀನಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಷೇರಿಗೆ ಹಾಕುವ ಹುಚ್ಚು ಪ್ರೆಸ್ಸಿನ ಯಜಮಾನನಿಗೆ ಹತ್ತಿದ್ದು, ಮಷೀನಿನ ಬೆಲೆ ಅವನ ಉಳಿತಾಯಕ್ಕಿಂತ ಮುಂದೆ ಓಡತೊಡಗಿದಾಗ. ಹಾಕುವವನು ಹಾಕಿ ಸುಮ್ಮನಿರಬಹುದಿತ್ತು. ಆದರೆ ಸಭೆ ಕರೆಯದೆ ಒಂದು ಬಲ್ಬನ್ನೂ ಬದಲಾಯಿಸಿದ ಜೀವವಲ್ಲ ಅದು.

"ಯಾವ ಷೇರು ಅನ್ನೋದು ಆಮೇಲೆ. ಮೊದಲು ಯಾವ ವಿಧಾನ ಅಂತ ತೀರ್ಮಾನ ಆಗ್ಲಿ," ಎಂದು ಹೆಂಡತಿಯ ತಮ್ಮನನ್ನು ಕರೆಸಿದ, ಪ್ರೆಸ್ಸಿನ ಲೆಕ್ಕ ನೋಡುವ ಆಡಿಟರನ್ನು ಕರೆಸಿದ, ನಡೆದದ್ದನ್ನು ಬರೆದುಕೊಳ್ಳಲು ಪ್ರೂಫಕ್ಕನನ್ನು ಕೂರಿಸಿದ.

ಪ್ರೂಫಕ್ಕ ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಕರಡು ತಿದ್ದುತ್ತಿದ್ದವಳು. ಮದುವೆ ಕಾರ್ಡಿನಿಂದ ಹಿಡಿದು ಕಾನೂನಿನ ದಪ್ಪ ಹೊತ್ತಗೆಯವರೆಗೆ ಅವಳ ಕಣ್ಣಿಗೆ ಬೀಳದೆ ಯಾವುದೂ ಅಚ್ಚಿಗೆ ಹೋಗುತ್ತಿರಲಿಲ್ಲ. ಬೇರೆಯವರ ತಪ್ಪುಗಳನ್ನೇ ಓದಿ ಓದಿ ಅವಳಿಗೆ ಮನುಷ್ಯಕುಲದ ಮೇಲೆಯೇ ಒಂದು ತಾತ್ಸಾರ ಬಂದುಬಿಟ್ಟಿತ್ತು. ಅದನ್ನು ಬಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಭಾವಮೈದ ಹಿಂದೆ ನೀರಿನ ಫಿಲ್ಟರ್ ಮಾರುತ್ತಿದ್ದ. ಅದಕ್ಕೂ ಹಿಂದೆ, ತನ್ನ ಬೋಳುತಲೆಯನ್ನು ಟೋಪಿಯಲ್ಲಿ ಮುಚ್ಚಿಕೊಂಡು, ಕೂದಲು ಬೆಳೆಸುವ ಎಣ್ಣೆ ಮಾರುತ್ತಿದ್ದ. ಈಗ ಷೇರುಪಂಡಿತ. ಲ್ಯಾಪ್‌ಟಾಪು ತೆರೆದು ಕೆಂಪು ಹಸಿರು ಗೆರೆಗಳನ್ನು ತೋರಿಸಿದ.

"ಕಂಪನಿ ಏನು ಮಾಡುತ್ತೆ ಅನ್ನೋದು ನಂಗೆ ಬೇಡವೇ ಬೇಡ ಭಾವ. ಸೋಪು ಮಾಡ್ಲಿ, ಸೂಜಿ ಮಾಡ್ಲಿ. ರೇಟು ಹತ್ತೋದು ಇಳಿಯೋದು ನೋಡಿ ಸಾಕು. ಜನರ ಆಸೆ, ಭಯ ಎಲ್ಲಾ ಈ ಗೆರೆಯಲ್ಲೇ ಇದೆ."

ಆಡಿಟರ್ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿದ. "ಗೆರೆ ನೋಡಿ ದುಡ್ಡು ಹಾಕೋ ಹಾಗಿದ್ರೆ ಅಂಗೈ ತೋರಿಸಿಕೊಂಡು ಬರೋದು ಅಗ್ಗ. ಕಂಪನಿಯ ಬುಡ ನೋಡ್ಬೇಕು ಸ್ವಾಮಿ. ಲಾಭ ಎಷ್ಟು, ಸಾಲ ಎಷ್ಟು, ನಡೆಸೋರು ಎಂಥವರು."

"ನೀವು ಬುಡ ಅಗೆದು ಮುಗಿಸೋ ಹೊತ್ತಿಗೆ ಹಣ್ಣು ಬೇರೆಯವರ ಹೊಟ್ಟೇಲಿರುತ್ತೆ."

"ನೀವು ಹಣ್ಣು ಅಂತ ಕಿತ್ತಿದ್ದು ಹೀಚು ಆಗಿರುತ್ತೆ."

ನಾಲ್ಕು ಶುಕ್ರವಾರ ಇದೇ ಹಾಡು. ಪ್ರೂಫಕ್ಕ ಎಲ್ಲವನ್ನೂ ಬರೆದುಕೊಂಡಳು. ಮೊದಲನೆಯವನು ಮುಖ ನೋಡಿ ಹೆಣ್ಣು ಕೊಡುವವನು, ಎರಡನೆಯವನು ಸಂಬಳದ ಚೀಟಿ ನೋಡಿ ಕೊಡುವವನು, ಇಬ್ಬರೂ ಹುಡುಗನ ಜೊತೆ ಎರಡು ಮಾತಾಡಿದವರಲ್ಲ ಎಂದು ಅವಳಿಗೆ ಅನ್ನಿಸಿತು. ಅದನ್ನು ಬರೆಯಲಿಲ್ಲ.

ಐದನೇ ಶುಕ್ರವಾರ ಯಜಮಾನ ಪರೀಕ್ಷೆ ಇಟ್ಟ. ಪ್ರೆಸ್ಸಿಗೆ ಕಾಗದ ಕೊಡುವ ಮಿಲ್ಲಿನ ಷೇರು ಕೊಳ್ಳಬಹುದೇ ಬೇಡವೇ, ಇಬ್ಬರೂ ತಮ್ಮ ತಮ್ಮ ವಿಧಾನದಲ್ಲಿ ನೋಡಿ ಹೇಳಬೇಕು. ಒಂದು ವಾರ ಬಿಟ್ಟು ಇಬ್ಬರೂ ಬಂದು "ಕೊಳ್ಳಿ" ಎಂದರು. ಯಜಮಾನನಿಗೆ ಹಿಗ್ಗೋ ಹಿಗ್ಗು. ವಿಧಾನ ಆರಿಸುವ ಕಷ್ಟವೇ ತಪ್ಪಿತಲ್ಲ! ಪ್ರೂಫಕ್ಕನ ಅಷ್ಟೂ ಟಿಪ್ಪಣಿಪುಸ್ತಕ ರದ್ದಿಗೆ ಹೋಯಿತು.

ಆಡಿಟರ್ ಆ ದಿನ ಮಿಲ್ಲಿನ ವಾರ್ಷಿಕ ವರದಿಯನ್ನು ಮೇಜಿನ ಮೇಲೆ ಬಿಟ್ಟುಹೋದ. ಅಚ್ಚಾದದ್ದು ಕಣ್ಣೆದುರು ಬಿದ್ದಿದ್ದರೆ ಓದದೆ ಇರುವುದು ಪ್ರೂಫಕ್ಕನಿಂದಾಗದು. ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಅಭ್ಯಾಸದಂತೆ ತೀರ ಸಣ್ಣ ಅಕ್ಷರದ ಜಾಗದಿಂದ ಶುರುಮಾಡಿದಳು. ತಪ್ಪುಗಳೆಲ್ಲ ಅಲ್ಲೇ ಮನೆ ಮಾಡಿಕೊಂಡಿರುತ್ತವೆ. ಲೆಕ್ಕಪತ್ರದ ಕೊನೆಗೆ ಸೇರಿಸಿದ್ದ ಹತ್ತೊಂಬತ್ತನೇ ಟಿಪ್ಪಣಿಯಲ್ಲಿ, ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿರುವ ಕಾಗದ ಎರಡು ವರ್ಷದಲ್ಲಿ ಮೂರು ಪಟ್ಟಾಗಿದೆ ಎಂದಿತ್ತು. ಮೊದಲ ಪುಟಕ್ಕೆ ತಿರುವಿದರೆ ಮಿಲ್ಲಿನ ಅಧ್ಯಕ್ಷರು ಫೋಟೋದಲ್ಲಿ ನಗುತ್ತ, ಗಿರಾಕಿಗಳ ಬೇಡಿಕೆ ಪೂರೈಸಲು ಆಗುತ್ತಲೇ ಇಲ್ಲ ಎಂದು ಬರೆದಿದ್ದರು.

ಅವಳು ಹಾಳೆ ಮಡಚಿ ಹಿಡಿದುಕೊಂಡೇ ಯಜಮಾನನ ಕೋಣೆಗೆ ಹೋದಳು. ಭಾವಮೈದನೂ ಅಲ್ಲೇ ಇದ್ದ. ಅವಳು ಫೋನಿನಲ್ಲಿ ಆಡಿಟರನಿಗೂ ಓದಿ ಹೇಳಿದಳು.

"ಟಿಪ್ಪಣಿನೆಲ್ಲ ಯಾರು ಓದ್ತಾರೆ ಪ್ರೂಫಕ್ಕ? ಸಾರಾಂಶ ನೋಡಿದ್ರೆ ಆಯ್ತು," ಎಂದ ಬುಡ ಅಗೆಯುವವನು.

ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಗುಣಿತದ ತಪ್ಪು ಹುಡುಕೋ ಕಣ್ಣಿಗೆ ಪ್ರಪಂಚವೇ ತಪ್ಪಾಗಿ ಕಾಣುತ್ತೆ ಭಾವ!"

ಯಜಮಾನ ಮರುದಿನವೇ ಅಷ್ಟೂ ದುಡ್ಡು ಸುರಿದ.

ಷೇರು ಏರಿತು. ಮೊದಲ ವಾರ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ವಾರ ಇನ್ನೂ ಏರಿತು. ಭಾವಮೈದ ಬಿಸ್ಕತ್ತಿನ ಡಬ್ಬಿ ತಂದು, ಬೈಂಡಿಂಗಿನವರಿಗೆಲ್ಲ ಹಂಚಿ, ಕೊನೆಗೆ ಅವಳ ಮೇಜಿನ ಹತ್ತಿರ ಬಂದ. "ತಗೊಳ್ಳಿ ಪ್ರೂಫಕ್ಕ. ಇದರಲ್ಲೇನೂ ತಪ್ಪಿಲ್ಲ, ತಿನ್ನಬಹುದು." ಮಷೀನಿನವರು ಕಿಸಕ್ಕೆಂದರು. ಮೂರನೇ ವಾರ ಯಜಮಾನನೂ ಅವಳನ್ನು ಕಂಡಾಗಲೆಲ್ಲ "ಗೋದಾಮು ಖಾಲಿಯಾಯ್ತಾ?" ಎಂದು ಕೇಳತೊಡಗಿದ.

ಪ್ರೂಫಕ್ಕ ಹತ್ತೊಂಬತ್ತನೇ ಟಿಪ್ಪಣಿಯನ್ನು ಮತ್ತೆ ಮತ್ತೆ ಓದಿದಳು. ಅದು ಹೇಳುತ್ತಿದ್ದದ್ದು ಬದಲಾಗಿರಲಿಲ್ಲ. ಆದರೆ ಇಪ್ಪತ್ತಾರು ವರ್ಷ ಯಾರ ಬಾಯಿಗೂ ಸಿಕ್ಕದವಳಿಗೆ ಆ ನಗು ಚರ್ಮದೊಳಗೆ ಹೊಕ್ಕ ಮುಳ್ಳಾಯಿತು. ನಾಲ್ಕನೇ ವಾರ, ಊಟದ ಹೊತ್ತಿನಲ್ಲಿ, ಕಾಗದದ ಕೋಣೆಯ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲೇ ಖಾತೆ ತೆರೆದು, ಹಲ್ಲು ಕಟ್ಟಿಸಲೆಂದು ಕೂಡಿಟ್ಟಿದ್ದಷ್ಟನ್ನೂ ಹಾಕಿ ಆ ಮಿಲ್ಲಿನ ಷೇರನ್ನೇ ಕೊಂಡಳು. ಗಂಡನಿಗೂ ಹೇಳಲಿಲ್ಲ.

ಐದನೇ ವಾರ ಹಳೇ ಫೋಲ್ಡಿಂಗ್ ಮಷೀನು ಪೂರ್ತಿ ಕೈಕೊಟ್ಟಿತು. ಪಠ್ಯಪುಸ್ತಕದ ಆರ್ಡರು ತಲೆಯ ಮೇಲಿತ್ತು. ಯಜಮಾನನ ಹೆಂಡತಿ ಒಳಗೆ ಬಂದವಳು ಕೂರಲೂ ಇಲ್ಲ.

"ನಾಳೆ ಮಷೀನು ಬರ್ಬೇಕು. ಆ ಷೇರು ಗೀರು ಎಲ್ಲಾ ಈಗಲೇ ಮಾರಿ."

"ಗೆರೆ ಇನ್ನೂ ಮೇಲಕ್ಕೇ ಹೋಗ್ತಿದೆಯಲ್ಲ ಅಕ್ಕ," ಎಂದ ತಮ್ಮ.

"ನಿನ್ನ ಗೆರೆ ಕೈಲಿ ಹಾಳೆ ಮಡಚಿಸ್ತೀಯಾ?"

ಯಜಮಾನ ಮಾರಿದ. ಒಳ್ಳೆಯ ಲಾಭವೇ ಬಂತು. ಮಾರಿದ ಹನ್ನೊಂದನೇ ದಿನ ಮಿಲ್ಲು ನಷ್ಟ ತೋರಿಸಿತು. ಗೋದಾಮಿನ ಕಾಗದದಲ್ಲಿ ಅರ್ಧಕ್ಕರ್ಧ ತೇವ ಹಿಡಿದು ಹಾಳಾಗಿತ್ತಂತೆ. ಷೇರು ನಾಲ್ಕೇ ದಿನದಲ್ಲಿ ಅರ್ಧಕ್ಕಿಳಿಯಿತು. ತಿಂಗಳು ತುಂಬುವುದರೊಳಗೆ ಪ್ರೂಫಕ್ಕನ ದುಡ್ಡಿನಲ್ಲಿ ಒಂದು ಹಲ್ಲಿಗಾಗುವಷ್ಟೂ ಉಳಿಯಲಿಲ್ಲ.

"ಸರಿಯಾದ ಹೊತ್ತಿಗೆ ಹೊರಗೆ ಬಂದ್ವಿ, ಗೆರೆ ಹೇಳಿತ್ತು," ಎಂದ ಭಾವಮೈದ. "ಬುಡ ಅಲ್ಲಾಡ್ತಿದೆ ಅಂತ ನಂಗೆ ಆಗ್ಲೇ ಅನುಮಾನ ಇತ್ತು," ಎಂದ ಆಡಿಟರ್. ಮಾರಿಸಿದವಳ ಹೆಸರನ್ನು ಯಾರೂ ಎತ್ತಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ. ಹೊಸ ಮಷೀನು ಗಂಟೆಗೆ ಎಷ್ಟು ಹಾಳೆ ಮಡಚುತ್ತದೆಂದು ನೋಡುತ್ತ ನಿಂತಿದ್ದಳು.

ಹಾಗೆ ಬದುಕಿಕೊಂಡ ಇಬ್ಬರು ಜಗಳ ಮರೆತು ಪುಸ್ತಕ ಬರೆದರು. ಹೂಡಿಕೆಗೆ ವಿಧಾನ ಆರಿಸುವುದು ಹೇಗೆ ಎಂದು ಇನ್ನೂರು ಪುಟ, ಅದರಲ್ಲಿ ಮಿಲ್ಲಿನ ಕಥೆಗೇ ಮೂವತ್ತು. ಕರಡು ಪ್ರೂಫಕ್ಕನ ಮೇಜಿಗೆ ಬಂತು. ಒತ್ತುಗಳನ್ನು ಸರಿಮಾಡುತ್ತ, ಸುಳ್ಳುಗಳನ್ನು ಇದ್ದಂತೆಯೇ ಬಿಡುತ್ತ, ಅವಳು ನೂರಹದಿನಾಲ್ಕನೇ ಪುಟಕ್ಕೆ ಬಂದಳು. ಯಾವ ವಿಧಾನವೂ ಇಲ್ಲದೆ, ಕುರಿಗಳಂತೆ, ಏರಿದ ಮೇಲೆ ಕೊಳ್ಳುವ ಮೂಢರಿಂದಲೇ ಜಾಣರ ಲಾಭ ಹುಟ್ಟುತ್ತದೆ ಎಂದಿತ್ತು. ಅವಳ ಪೆನ್ನು ಆ ಸಾಲಿನ ಮೇಲೆ ತುಸು ಹೊತ್ತು ನಿಂತಿತು.

ಸಂಜೆ ಭಾವಮೈದ ಕರಡು ಒಯ್ಯಲು ಬಂದ. "ಹೇಗಿದೆ ಪ್ರೂಫಕ್ಕ?"

"ನಾನೂ ಕೊಂಡಿದ್ದೆ. ಆ ಮಿಲ್ಲಿನ ಷೇರು. ನಾಲ್ಕನೇ ವಾರ."

ಅವನು ಬಾಯಿ ಬಿಟ್ಟುಕೊಂಡು ನೋಡಿದ. "ಟಿಪ್ಪಣಿ ಓದಿ ನಮಗೇ ಬುದ್ಧಿ ಹೇಳಿದೋರು ನೀವು! ಯಾವ ವಿಧಾನ ನೋಡಿ ಕೊಂಡ್ರಿ?"

"ನಿಮ್ಮ ಹಲ್ಲು ನೋಡಿ. ಮೂರು ವಾರ ಕಿಸಿದ್ರಲ್ಲ, ಅದನ್ನ ನೋಡಿ."

ಅವನಿಗೆ ನಾಚಿಕೆಯಾಗಬಹುದೆಂದು ಅವಳು ಕಾದಳು. ಅವನು ಜೇಬಿನಿಂದ ಪೆನ್ನು ತೆಗೆದ. "ಎಂಥಾ ಮಾತು ಅಂದ್ರಿ! ಇದನ್ನೇ ಒಂದು ಅಧ್ಯಾಯ ಮಾಡಿಬಿಡ್ತೀನಿ. ನಿಮ್ಮ ಹೆಸರು ಹಾಕಲ್ಲ, ಭಯ ಬೇಡ."

ಪ್ರೂಫಕ್ಕ ಕರಡಿನ ಕಟ್ಟನ್ನು ಅವನ ಕೈಗೆ ತಳ್ಳಿದಳು.

"ಮಾಡಿ. ಹೆಚ್ಚಿಗೆ ಪುಟಕ್ಕೆ ತಿದ್ದೋ ದರ ಬೇರೆ. ಮುಂಗಡ ಕೊಟ್ಟು ಬರೀರಿ."