ಡಿಕ್ಕಿಯೊಳಗೆ ಎರಡು ಸ್ವಿಚ್ಚು

"ಮೊದ್ಲು ಮಲಗೋವಾಗ ತಲೆ ಯಾವ ಕಡೆ ಅಂತ ಹೇಳಿ, ಆಮೇಲೆ ಸ್ವಿಚ್ಚಿನ ಮಾತು," ಎಂದೆ.

ಭಾವ "ಮುಂದಕ್ಕೆ" ಎಂದರು. ಅಕ್ಕ "ಹಿಂದಕ್ಕೆ" ಎಂದಳು. ಇಬ್ಬರದೂ ಒಂದೇ ಉಸಿರು. ನಾನು ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿದೆ.

ಇಪ್ಪತ್ತೆಂಟು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ಬೇಗ ಸಿಡಿಯುತ್ತೇನೆಂದು ಮನೆಯವರು ಇಟ್ಟ ಹೆಸರು ಫ್ಯೂಸು. ಎಂಥೆಂಥ ಗಿರಾಕಿಗಳನ್ನು ನೋಡಿದ್ದೇನೆ, ಆದರೆ ಈ ಗಂಡಹೆಂಡಿರು ಬಂದು ನಿಂತರೆ ಪ್ಲಸ್ ಯಾವುದು ಮೈನಸ್ ಯಾವುದು ಎಂಬುದೇ ಮರೆತುಹೋಗುತ್ತದೆ.

ಕಡೆಗೆ ಇಬ್ಬರನ್ನೂ ಗಾಡಿಯ ಹಿಂದೆ, ಸೀಟು ಮಡಚಿ ಮಾಡಿದ ಹಾಸಿಗೆಯ ಮೇಲೆ ಮಲಗಿಸಿಯೇ ನೋಡಿದೆ. ಭಾವನ ಗೊರಕೆ ತಾಳಲಾರದೆ ಅಕ್ಕ ಅವರ ಕಾಲಿನ ಕಡೆ ತಲೆ ಹಾಕುತ್ತಾಳೆ. ಒಬ್ಬರ ಕೈಗೆ ಸಿಗುವ ಸ್ವಿಚ್ಚು ಇನ್ನೊಬ್ಬರ ಕಾಲಿನ ಹೆಬ್ಬೆರಳಿಗೆ ತಾಗುತ್ತದೆ.

"ಹಾಗಾದ್ರೆ ಎರಡು ಹಾಕ್ಬೇಕು," ಎಂದೆ.

"ಎರಡ್ಯಾಕೋ? ನಾನಿರ್ತೀನಲ್ಲ," ಎಂದರು ಭಾವ.

"ಹೋದ್ಸಲನೂ ಇದ್ರಿ ಬಿಡಿ," ಎಂದಳು ಅಕ್ಕ.

ಹೋದ ಸಲದ್ದು ನನಗೂ ಗೊತ್ತಿತ್ತು. ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದಾರೆ. ಬೆಳಗ್ಗೆ ಭಾವ ನೀರು ತರಲು ಹೋಗಿದ್ದಾರೆ. ಅಕ್ಕ ಎದ್ದು ನೋಡಿದರೆ ಡಿಕ್ಕಿ ಬಾಗಿಲಿಗೆ ಒಳಗಡೆ ಹಿಡಿಯೇ ಇಲ್ಲ. ಪಕ್ಕದ ಬಾಗಿಲೂ ತೆರೆಯಲಿಲ್ಲವಂತೆ. ಗಾಬರಿಯಲ್ಲಿ ಸರಿಯಾಗಿ ಎಳೆದಿರಲಿಕ್ಕಿಲ್ಲ ಎಂದು ನಾವೆಲ್ಲ ತೀರ್ಮಾನ ಮಾಡಿದೆವು. ಅರ್ಧ ಗಂಟೆ ಗಾಜು ಬಡಿದೆ ಎನ್ನುತ್ತಾಳೆ ಅವಳು. ಭಾವನ ಲೆಕ್ಕದಲ್ಲಿ ಅದು ಹತ್ತು ನಿಮಿಷ. ಅಂದಿನಿಂದ ಅವಳು ಲಿಫ್ಟನ್ನೂ ಹತ್ತುವುದಿಲ್ಲ. ಒಳಗಿನಿಂದ ಡಿಕ್ಕಿ ತೆರೆಯುವ ಸ್ವಿಚ್ಚು ಹಾಕಿಸಿ, ಅದು ಕೆಲಸ ಮಾಡಿದರೆ ಈ ಶನಿವಾರ ಹೊರಡುವುದು, ಇಲ್ಲದಿದ್ದರೆ ಈ ಜನ್ಮದಲ್ಲಿ ಆ ಗಾಡಿ ಹತ್ತುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ನಿವೃತ್ತಿಯಾದ ಮೇಲೆ ಅವಳನ್ನು ಕೂರಿಸಿಕೊಂಡು ಊರೂರು ಸುತ್ತಬೇಕೆಂದೇ ಭಾವ ಆ ದೊಡ್ಡ ಎಸ್‌ಯುವಿ ಕೊಂಡಿದ್ದು. ಪಾಪ, ಮುಖ ಸಣ್ಣಗಾಗಿತ್ತು.

ಆ ಗಾಡಿ ನನಗೆ ಹೊಸದಲ್ಲ. ಲಾಕ್ ಆದಾಗಲೆಲ್ಲ ಕೀಂ ಎಂದು ಕಿರುಚುತ್ತಿದ್ದ ಅದರ ಬಾಯನ್ನು, ಪಕ್ಕದ ಮನೆಯವರ ಕಾಟಕ್ಕೆ, ಕೊಂಡ ವಾರವೇ ಮುಚ್ಚಿಸಿದವನು ನಾನು. ಈಗ ಹೊರಗಡೆ ನಂಬರ್ ಪ್ಲೇಟಿನ ಮೇಲಿದ್ದ, ಡಿಕ್ಕಿ ತೆರೆಯುವ ಗುಂಡಿಯ ತಂತಿಗೇ ಒಳಗಿನಿಂದ ಎರಡು ಸ್ವಿಚ್ಚು ಸೇರಿಸಿದೆ. ಅಂಗಡಿಯಲ್ಲಿ ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತು ಸಲವೂ ಕಟಕ್ ಎಂದು ಬಾಗಿಲು ಮೇಲೆದ್ದಿತು. "ನೀರು ಕುಡಿದಷ್ಟು ಸುಲಭ," ಎಂದು ಬೀಗಿದೆ.

ಶುಕ್ರವಾರ ಮಧ್ಯಾಹ್ನ ಅವರ ಮನೆಯಂಗಳಕ್ಕೆ ಗಾಡಿ ತಂದೆ. ಪಾತ್ರೆ, ಡಬ್ಬಿ, ಹೊದಿಕೆ ಎಲ್ಲ ತುಂಬಿಯಾಗಿತ್ತು. ಅಕ್ಕ ಒಳಗೆ ಮಲಗಿದಳು. ಭಾವ ಡಿಕ್ಕಿಯನ್ನು ಧಡ್ ಎಂದು ಮುಚ್ಚಿ ನನ್ನ ಪಕ್ಕ ನಿಂತರು.

"ಒತ್ತಕ್ಕ!"

ಏನೂ ಇಲ್ಲ.

"ಒತ್ತೇ!"

"ಒತ್ತಿದೀನಿ ಕಣೋ!" ಗಾಜಿನ ಹಿಂದಿನಿಂದ ದನಿ ನಡುಗಿತು. ಭಾವ ಗಾಬರಿಯಾಗಿ ಹೊರಗಿನಿಂದ ತೆರೆದರು. ಬಾಗಿಲು ತೆರೆದಿಟ್ಟು ತಂತಿಗೆ ಮೀಟರ್ ಹಿಡಿದರೆ ಎಲ್ಲ ಸರಿಯಾಗಿದೆ. ಭಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಾನೇ ಒಳಗೆ ಮಲಗಿ, ಅಕ್ಕನಿಂದ ಡಿಕ್ಕಿ ಮುಚ್ಚಿಸಿ ಒತ್ತಿದೆ. ಕಟಕ್! ಅಕ್ಕನನ್ನು ಮತ್ತೆ ಮಲಗಿಸಿ, ಭಾವ ಹೊರಗೆ ನಿಂತರೆ ಮತ್ತೆ ಇಲ್ಲ. ನಾನು ಒತ್ತಿದರೆ ಉಂಟು, ಅವಳು ಒತ್ತಿದರೆ ಇಲ್ಲ! ಇದೆಂಥ ಭೂತಚೇಷ್ಟೆ? ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

"ನೆಟ್ಟಗೆ ಒತ್ತೋಕೂ ಬರಲ್ವೇನೇ ನಿಂಗೆ?" ಎಂದು ಕೂಗಿಬಿಟ್ಟೆ.

ಅವಳು ಇಳಿದಳು. ಬೈಯಲಿಲ್ಲ. "ಹೌದಪ್ಪ, ನನ್ನ ಬೆರಳೇ ಸರಿಯಿಲ್ಲ. ಹೋದ್ಸಲ ಕೈನೇ ಸರಿಯಿರ್ಲಿಲ್ಲ," ಎಂದು ತನ್ನ ಬಟ್ಟೆಯ ಚೀಲ ಎತ್ತಿಕೊಂಡು ಮನೆಯೊಳಗೆ ಹೋದಳು. ಆ ಚೀಲ ಹೋದದ್ದು ನೋಡಿ ನನಗೆ ಕಪಾಳಕ್ಕೆ ಹೊಡೆದಂತಾಯಿತು.

"ಭಾವ, ನಾನು ಒಳಗೆ ಹೋಗ್ತೀನಿ, ಡಿಕ್ಕಿ ಹಾಕಿ. ಪ್ರತಿಯೊಂದು ಜೋಡಣೇನೂ ನೋಡ್ತೀನಿ. ನೀವು ಅಕ್ಕನ್ನ ಸಮಾಧಾನ ಮಾಡಿ, ಹೋಗಿ."

ಭಾವ ಡಿಕ್ಕಿ ಮುಚ್ಚಿ ಹೋದರು. ಎಲ್ಲ ನೋಡಿದೆ, ಎಲ್ಲ ಸರಿ. ಸ್ವಿಚ್ಚು ಒತ್ತಿದೆ. ಇಲ್ಲ. ಇನ್ನೊಂದನ್ನು ಒತ್ತಿದೆ. ಅದೂ ಇಲ್ಲ. ಪಕ್ಕದ ಬಾಗಿಲಿನ ಹಿಡಿ ಎಳೆದೆ. ಸತ್ತ ಹಲ್ಲಿಯ ಬಾಲದ ಹಾಗೆ ಸುಮ್ಮನೆ ಬಂತು, ಬಾಗಿಲು ಕದಲಲಿಲ್ಲ. ಮುಂದಕ್ಕೆ ನುಗ್ಗೋಣವೆಂದರೆ ಡಬ್ಬಿಗಳ ಗೋಡೆ. ಫೋನು ಹೊರಗೆ, ಸಾಮಾನಿನ ಚೀಲದಲ್ಲಿ. ಬಿಸಿಲಿಗೆ ಗಾಜು ಕಾದಿತ್ತು. "ಭಾವಾ!" ಎಂದೆ. ನನ್ನ ದನಿ ನನ್ನ ಕಿವಿಗೇ ವಾಪಸು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಕ್ಕನ ಹಾಗೆಯೇ ಎರಡೂ ಕೈಯಲ್ಲಿ ಗಾಜು ಬಡಿದೆ, "ಅಕ್ಕಾ, ಅಕ್ಕಾ" ಎಂದು ಅತ್ತೆ.

ಇಬ್ಬರೂ ಓಡಿ ಬಂದರು. ಬರುತ್ತಲೇ ಭಾವನ ಬಲಗೈ ಪ್ಯಾಂಟಿನ ಜೇಬಿಗಿಳಿಯಿತು. ಜೇಬಿನ ಬಟ್ಟೆಯ ಕೆಳಗೆ ಹೆಬ್ಬೆರಳು ಅಲುಗಾಡಿದ್ದು ಕಂಡಿತು. ಟಕ್ ಎಂದು ಲಾಕುಗಳು ಬಿಟ್ಟುಕೊಂಡವು. ಆಮೇಲೆ ಹೊರಗಿನ ಗುಂಡಿ ಒತ್ತಿದರು, ಡಿಕ್ಕಿ ತೆರೆಯಿತು.

"ಭಾವ, ಜೇಬಲ್ಲಿ ಏನೊತ್ತಿದ್ರಿ?"

"ನಾನಾ? ಏನೂ ಒತ್ತಿಲ್ಲಪ್ಪ."

"ಕೈ ಆಚೆ ತೆಗೀರಿ."

ತೆಗೆದರು. ಅಂಗೈಯಲ್ಲಿ ರಿಮೋಟ್ ಇತ್ತು. ಯಾರೋ ಬೇರೆಯವರು ತಂದಿಟ್ಟರು ಎಂಬಂತೆ ಅದನ್ನೇ ನೋಡಿದರು.

ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಬೀಗದ ಕೈ ಹಿಡಿದ ಮನುಷ್ಯ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡದೆ ಕದಲುವವರಲ್ಲ. ಒಮ್ಮೆ ಅಕ್ಕ ಸ್ನಾನದ ಮನೆಯಲ್ಲಿರುವಾಗಲೇ ಮನೆಗೆ ಬೀಗ ಜಡಿದು ಮಾರುಕಟ್ಟೆಗೆ ಹೋದ ಮಹಾನುಭಾವರು. ಗಾಡಿಯ ಹೊರಗೆ ನಿಂತು ಬಾಗಿಲು ಮುಚ್ಚಿದ ಸದ್ದು ಕೇಳಿದರೆ ಸಾಕು, ಆ ಹೆಬ್ಬೆರಳು ತಾನಾಗಿಯೇ ರಿಮೋಟಿನ ಲಾಕನ್ನು ಎರಡು ಸಲ ಒತ್ತುತ್ತದೆ. ಲಾಕ್ ಆದ ಗಾಡಿ ಹೊರಗಿನ ಗುಂಡಿಯ ಮಾತು ಕೇಳುವುದಿಲ್ಲ. ಅದೇ ತಂತಿಗೆ ಕಟ್ಟಿದ ನನ್ನ ಸ್ವಿಚ್ಚಿನ ಮಾತನ್ನೂ ಕೇಳಲಿಲ್ಲ. ಎರಡು ಸಲ ಒತ್ತಿದರಂತೂ, ಕಳ್ಳರ ಭಯಕ್ಕೆ, ಒಳಗಿನ ಹಿಡಿಗಳೂ ಸಾಯುತ್ತವೆ. ಕೀಂ ಎಂದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದರ ಬಾಯಿ ಮುಚ್ಚಿಸಿದವನು ನಾನೇ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಭಾವ ಡಿಕ್ಕಿಯ ಅಂಚಿನ ಮೇಲೆ ಕುಳಿತುಬಿಟ್ಟಿದ್ದರು. "ಹಾಗಾದ್ರೆ... ಕೆರೆ ಹತ್ರ... ಆವತ್ತೂ ನಾನೇನಾ?"

ಅಕ್ಕ ನನ್ನ ಒದ್ದೆ ಮುಖವನ್ನೇ ನೋಡುತ್ತಿದ್ದಳು. "ಎಷ್ಟೊತ್ತು ಬಡಿದ್ಯೋ?"

"ಅರ್ಧ ಗಂಟೆ."

ಭಾವ ಕೈಗಡಿಯಾರ ನೋಡಿದರು. "ನಾನು ಒಳಗೆ ಹೋಗಿದ್ದೇ ಐದು ನಿಮಿಷ ಕಣೋ."

"ಅರ್ಧ ಗಂಟೆ ಭಾವ," ಎಂದೆ. "ಅಕ್ಕ, ತಪ್ಪಾಯ್ತು ಕಣೇ. ಆವತ್ತಿಂದೂ, ಇವತ್ತಿಂದೂ."

ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಕಣ್ಣು ತುಂಬಿದ್ದು ಅವಳದು.

ಹಳೆಯ ಜೋಡಣೆ ಕಿತ್ತೆಸೆದೆ. ಬ್ಯಾಟರಿಯಿಂದ ಬೇರೆ ತಂತಿ ಎಳೆದು, ನಡುವೆ ಸ್ವಿಚ್ಚಿನ ಸನ್ನೆಗೆ ಕರೆಂಟು ಬಿಡುವ ಒಂದು ರಿಲೇ ಕೂರಿಸಿ, ನೇರ ಡಿಕ್ಕಿ ಲಾಕಿನ ಮೋಟರಿಗೆ ಕೊಟ್ಟೆ. ಇನ್ನು ಗಾಡಿಯ ಅಪ್ಪಣೆ ಬೇಕಿಲ್ಲ. ಸಂಜೆಗೆ ಅಕ್ಕ ತಾನಾಗಿಯೇ ಒಳಗೆ ಹತ್ತಿ, ಡಿಕ್ಕಿ ಮುಚ್ಚಿಸಿದಳು.

"ಎರಡು ಸಲ ಒತ್ರೀ," ಎಂದಳು.

"ನನ್ನ ಕೈಲಾಗಲ್ಲ," ಎಂದರು ಭಾವ.

"ಒತ್ರೀ ಅಂದ್ನಲ್ಲ."

ಒತ್ತಿದರು. ಒಳಗಿನಿಂದ ಸದ್ದಿಲ್ಲ. ಒಂದು ನಿಮಿಷವಾಯಿತು. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ರಿಲೇ ಕೈ ಕೊಟ್ಟಿತೇ? ಭಾವ ಜೇಬಿಗೆ ಕೈ ಹಾಕಿದರು. ಆಗ ಕಟಕ್ ಎಂದಿತು. ಅಕ್ಕ ಕಾಲು ಚಾಚಿ ಆರಾಮವಾಗಿ ಮಲಗಿದ್ದಳು.

"ಯಾಕೆ ಅಷ್ಟು ತಡ ಮಾಡ್ದೆ? ಜೀವ ಹೋಗಿತ್ತು ನಮ್ದು!" ಎಂದು ರೇಗಿದೆ.

"ಬೇಕಾದಾಗ ತೆಗೀಬಹುದು ಅಂತ ಗೊತ್ತಿದ್ರೆ, ಒಳಗೆ ಚೆನ್ನಾಗೇ ಇರುತ್ತೆ ಕಣೋ."

ಭಾವ ರಿಮೋಟನ್ನು ಅವಳ ಮುಂದೆ ಹಿಡಿದರು. "ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ."

"ಬೇಡ, ನೀವೇ ಇಟ್ಕೊಳ್ಳಿ. ಬೀಗ ಹಾಕದಿದ್ರೆ ನಿಮಗೆ ನಿದ್ದೆ ಬರಲ್ಲ," ಎಂದು ಅಕ್ಕ ಬಟ್ಟೆಯ ಚೀಲ ತರಲು ಮನೆಯೊಳಗೆ ಹೋದಳು.