ಸುಣ್ಣ ಮೈ ಕೊಡವುವ ತನಕ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಟೈರಿನಿಂದ ಶುರು ಮಾಡಿದರೆ ಯಾವುದೋ ಚಳಿ ದೇಶದ ಹೆದ್ದಾರಿಗೆ ಹೋಗಬೇಕು, ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಕುರಿಯಿಂದ ಶುರು ಮಾಡಿದರೆ ನಲ್ಲಂಪಳ್ಳಿಗೆ ಹೋದರೆ ಸಾಕು, ಸೇಲಂನಿಂದ ಬಸ್ಸಿದೆ. ನಾನು ಸೇಲಂನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಜಾಗತೀಕರಣ, ಅಪರಾಧ ಮತ್ತು ಪರಿಸರ ಹಾನಿ ಎಂಬ ಸೆಮಿನಾರಿಗೆ ಪೇಪರ್ ಬರೆಯಬೇಕಿತ್ತು. ಪೇಪರಿನಲ್ಲಿ ಕುರಿ ಕೆಮ್ಮುವುದಕ್ಕೆ ಜಾಗವಿಲ್ಲ ಎಂದು ಗೊತ್ತಾದ ಮೇಲೆ ಕಥೆಗೆ ಕೈ ಹಾಕಿದೆ. (ಪೇಪರ್ ಬರೆದರೆ ಪ್ರಮೋಷನ್‌ಗೆ ಪಾಯಿಂಟ್ ಸಿಗುತ್ತದೆ, ಕಥೆಗೆ ಸಿಗುವುದಿಲ್ಲ. ನನ್ನ ತ್ಯಾಗವನ್ನು ದಯವಿಟ್ಟು ಗಮನಿಸಿ.)

1, ಮತ್ತೊಮ್ಮೆ

ನಲ್ಲಂಪಳ್ಳಿಯಾಚೆಯ ಬೋಳು ಗುಡ್ಡದ ಮೇಲೆ, ಬದುಕಿನ ಭಾರ ಹೊತ್ತ ಬಡ ಕುರಿಗಾಹಿ ಹೆಂಗಸೊಬ್ಬಳು...

"ಯಾರು ಬಡವಿ?" ಎಂದು ಮುತ್ತಮ್ಮ ಅಡ್ಡ ಬಂದಳು. "ನನ್ನ ಮಂದೆ ನೋಡಿದ್ದೀಯಾ ಟೀಚರಮ್ಮ? ನಿಂದು ವಾಡಗೆ ಮನೆ ತಾನೆ?"

ಹೌದು, ನನ್ನದು ಬಾಡಿಗೆ ಮನೆ. ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ.

2

ಮುತ್ತಮ್ಮನಿಗೆ ಅರವತ್ತು ದಾಟಿದೆ, ಮನೆಮಾತು ತಮಿಳು ಬೆರೆತ ಕನ್ನಡ. ಮಂದೆಯಲ್ಲಿ ಎಷ್ಟು ಕುರಿ ಇದ್ದರೂ ಅವಳ ಜೀವವೆಲ್ಲ ಸುಣ್ಣನ ಮೇಲೆ. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಸೆರಗಿನಲ್ಲಿ ಮಲಗಿಸಿಕೊಂಡು ಬೆಳೆಸಿದ ಟಗರು ಅದು. ಹುಟ್ಟಿದಾಗ ಒಂದು ಚುಕ್ಕೆಯೂ ಇಲ್ಲದ ಬಿಳಿ, ಅದಕ್ಕೇ ಆ ಹೆಸರು. ಈಗ ಸುಣ್ಣ ಅಪ್ಪಟ ಕಪ್ಪು.

ಕೆರೆ ಏರಿಯ ಹಿಂದೆ ಒಂದು ಫ್ಯಾಕ್ಟರಿ ಬಂದಿದೆ. ಹಡಗಿನಲ್ಲಿ ಬಂದ ಹಳೇ ಟೈರುಗಳನ್ನು ದೊಡ್ಡ ಕುಲುಮೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಎಣ್ಣೆ ಲಾರಿ ಹತ್ತಿ ತೊಪ್ಪೂರು ಘಾಟಿಯ ಕಡೆಗೆ ಹೋಗುತ್ತದೆ, ಮಸಿ ಎಲ್ಲಿಗೂ ಹೋಗುವುದಿಲ್ಲ. ಹುಲ್ಲಿನ ಮೇಲೆ ಕೂರುತ್ತದೆ, ಕುರಿಯ ಮೇಲೆ ಕೂರುತ್ತದೆ, ಕುರಿಯ ಒಳಗೂ ಹೋಗಿ ಕೂರುತ್ತದೆ. ಈ ಸಲ ಹುಟ್ಟಿದ ಮರಿಗಳು ಕೆಮ್ಮಿ ಕೆಮ್ಮಿ ಸತ್ತವು. ಮುತ್ತಮ್ಮ ಅವನ್ನು ಹೂಳುವಾಗ ಅಳಲಿಲ್ಲ, ಚಿಮಣಿಯ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದಳು. (ಬೈಗುಳ ಅಚ್ಚಾಗುವಂಥದ್ದಲ್ಲ. ತಮಿಳಿನಲ್ಲೂ ಕನ್ನಡದಲ್ಲೂ ಇತ್ತು, ಎರಡೂ ಚೆನ್ನಾಗಿತ್ತು.)

3

ಮುತ್ತಮ್ಮ ದೂರು ಕೊಟ್ಟ ಮೇಲೆ ತಪಾಸಣೆಗೆ ಸರ್ಕಾರದ ಒಬ್ಬ ಸಾಹೇಬರು ಬಂದರು. ಫ್ಯಾಕ್ಟರಿ ಮ್ಯಾನೇಜರ್ ಹರಿಹರನ್ ಅವರಿಗೆ ಎಳನೀರು ಕೊಟ್ಟು ಮಂದೆ ತೋರಿಸಿದ.

"ಕಪ್ಪೇ ಸಾರ್ ಇವು, ಪಿರವಿಯಿಂದ್ಲೇ ಕಪ್ಪು. ನಮ್ಮ ಸೇಲಂ ಕಪ್ಪು ತಳಿ, ವರ್ಲ್ಡ್ ಫೇಮಸ್."

ಸೇಲಂ ಕಪ್ಪು ಎಂಬುದು ಮೇಕೆಯ ತಳಿ, ಮುತ್ತಮ್ಮ ಸಾಕುವುದು ಕುರಿ. ಸಾಹೇಬರು ಎರಡನ್ನೂ ತಟ್ಟೆಯಲ್ಲಿ ಮಾತ್ರ ಕಂಡವರು. ಮಂದೆ ಹುಟ್ಟಾ ಕಪ್ಪು ಎಂದು ರಿಪೋರ್ಟ್ ಆಯಿತು.

4 (ಇಲ್ಲಿ ಸಿದ್ಧಾಂತ ಬರುತ್ತದೆ, ಬೇಡದವರು 5ಕ್ಕೆ ಹೋಗಬಹುದು)

ಅಪರಾಧಿ ಯಾರು? ಟೈರ್ ಸವೆಸಿದವನು ಅದು ಮರುಬಳಕೆಯಾಯಿತೆಂದು ನೆಮ್ಮದಿಯಾಗಿ ಮಲಗಿದ್ದಾನೆ, ಅವನ ದೇಶದ ಗಾಳಿ ಶುಭ್ರವಾಗಿದೆ. ಹಡಗಿನವನು ಬರೀ ಸಾಗಿಸಿದ. ಫ್ಯಾಕ್ಟರಿಗೆ ಲೈಸೆನ್ಸ್ ಇದೆ. ಕಾನೂನು ಮುರಿಯದಿದ್ದರೂ ಹಾನಿಯೇ ಅಪರಾಧ ಎನ್ನುವ ಪಂಡಿತರಿದ್ದಾರೆ, ಅವರನ್ನು ನಾನು ಅಡಿಟಿಪ್ಪಣಿಯಲ್ಲಿ ಕೂರಿಸಿದ್ದೇನೆ.

"ಎಲ್ಲಾ ಸರಿ, ಪೊಗೆ ನಿಲ್ತದಾ?" ಎಂದು ಮುತ್ತಮ್ಮ ಕೇಳಿದಳು.

ನಾನು ಇನ್ನೊಂದು ಅಡಿಟಿಪ್ಪಣಿ ಸೇರಿಸಿದೆ.

5

ಲಾಭ ಹೆಚ್ಚಿತು, ಎರಡನೇ ಕುಲುಮೆ ಎದ್ದಿತು. ಕೆಲಸಗಾರರು ಹಟ ಹಿಡಿದರು: ಏರಿಯ ಮೇಲಿನ ಮುನಿಯಪ್ಪನಿಗೆ ಒಂದು ಬಿಳಿ ಕೂದಲೂ ಇಲ್ಲದ ಕರೀ ಟಗರು ಬಲಿ ಕೊಡದೆ ಬೆಂಕಿ ಹಚ್ಚುವುದಿಲ್ಲ. ಹರಿಹರನ್ ಹೂಂ ಅಂದ. ಕರೀ ಟಗರು ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು, ರಿಪೋರ್ಟಿನಲ್ಲೇ ಇತ್ತಲ್ಲ. ಸುಳ್ಳು ಹೇಳಿದವನು ಅದನ್ನು ತಾನೇ ನಂಬುವುದು ಕಥೆಯಲ್ಲಿ ಅಸಹಜ ಎನ್ನುತ್ತಾರೆ ವಿಮರ್ಶಕರು. ಅವರು ಯಾವ ಕಂಪನಿಯಲ್ಲೂ ಕೆಲಸ ಮಾಡಿದವರಲ್ಲ.

ಹೇಳಿ ಕಳಿಸಿದ್ದು ಮುತ್ತಮ್ಮನ ಮಗ ಪ್ರಭುವಿನ ಕೈಲಿ. ಅವನು ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲು.

"ಅವ್ವಾ, ಸುಣ್ಣನ್ನೇ ಬೇಕಂತೆ."

"ಅವನು ವೆಳ್ಳೆ ಅಂತ ನಿಂಗೊತ್ತಿಲ್ವೇನ್ಲಾ?"

"ಗೊತ್ತೈತೆ. ಅದುನ್ನ ಓಗಿ ಏಳಿದ್ರೆ ರಿಪೋರ್ಟ್ ಸುಳ್ಳು ಅಂದಂಗಾಯ್ತದೆ. ಆಮ್ಯಾಕೆ ನಂಗೆ ಈ ಕಾವಲು ವೇಲೆ ಇರಲ್ಲ."

ಮುತ್ತಮ್ಮ ಸುಣ್ಣನ ಕೊಂಬು ನೀವಿದಳು. ಇಲ್ಲಿ ನಾನು ಅವಳ ಬಾಯಲ್ಲಿ ಒಂದು ಕ್ರಾಂತಿಕಾರಿ ಮಾತು ಆಡಿಸಬೇಕೆಂದಿದ್ದೆ. ಅವಳು ಅಂದದ್ದು, "ಹಗ್ಗ ನಾನೇ ಇಡ್ಕೊಂಡು ಬತ್ತೀನಿ" ಎಂದಷ್ಟೆ.

6

ನಮ್ಮ ಕಡೆ ಟಗರನ್ನು ಸುಮ್ಮನೆ ಕಡಿಯುವ ಹಾಗಿಲ್ಲ. ತಲೆಗೂ ಬೆನ್ನಿಗೂ ನೀರು ಹೊಯ್ದು ಕಾಯಬೇಕು. ಟಗರು ಮೈ ಕೊಡವಿದರೆ ದೇವರೂ ಅದೂ ಒಪ್ಪಿದಂತೆ, ಕೊಡವದಿದ್ದರೆ ಯಾರೂ ಕತ್ತಿ ಎತ್ತುವುದಿಲ್ಲ.

ಪೂಜಾರಿ ಮಹದೇವ ಒಂದು ಚೊಂಬು ಅರಿಸಿನ ನೀರು ಹೊಯ್ದ. ಸುಣ್ಣ ಸುಮ್ಮನೆ ನಿಂತಿತು. ಇನ್ನೊಂದು ಚೊಂಬು ಬಿತ್ತು. ಒಂದು ಕಿವಿ ಬೆಳ್ಳಗಾಯಿತು.

"ಇದೇನು ಮುತ್ತಮ್ಮಕ್ಕ?" ಎಂದ ಮಹದೇವ.

"ನನ್ನ ಕೇಳ್ಬ್ಯಾಡಪ್ಪ, ರಿಪೋರ್ಟ್ ಬರೆದೋರ್ನ ಕೇಳು."

ಹರಿಹರನ್‌ಗೆ ಅವಸರ. ಬೆಂಕಿ ಹಚ್ಚುವುದನ್ನು ವಿಡಿಯೋದಲ್ಲಿ ನೋಡಲು ಪರದೇಶದ ಪಾಲುದಾರರು ಕೋಟು ತೊಟ್ಟು ಕಾಯುತ್ತಿದ್ದರು. "ಹೊಯ್ಯಿ, ಇನ್ನೂ ಹೊಯ್ಯಿ" ಎಂದ. ಕೊಡ ಬಂತು. ಕೊನೆಗೆ ಫ್ಯಾಕ್ಟರಿಯ ಬೆಂಕಿ ಆರಿಸುವ ಪೈಪೇ ಬಂತು. ಟಗರಿನ ಕಾಲಡಿ ಕರಿ ನೀರು ಹರಿದು ಹರಿಹರನ್‌ನ ಶೂ ಸುತ್ತಿಕೊಂಡಿತು. ಇಡೀ ಊರಿನ ಮುಂದೆ ಅವನು ತಾನು ಬರೆಸಿದ ರಿಪೋರ್ಟನ್ನು ತಾನೇ ತೊಳೆಸಿದ. ಪೈಪ್ ಹಿಡಿದಿದ್ದವನು ಪ್ರಭು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ.

7 (ಬೇಕಾದ್ದು ಆರಿಸಿಕೊಳ್ಳಿ)

ಅ. ಸುಣ್ಣ ಮೈ ಕೊಡವುತ್ತದೆ. ಬಿಳಿಯಾದರೇನು, ಒಪ್ಪಿತಲ್ಲ ಎಂದು ಕತ್ತಿ ಬೀಳುತ್ತದೆ, ಎರಡು ಚಿಮಣಿ ಹೊಗೆಯುತ್ತವೆ.

ಆ. ಬೆಳಗಾಗುವಷ್ಟರಲ್ಲಿ ಫ್ಯಾಕ್ಟರಿ ಗೇಟಿಗೆ ಬೋರ್ಡ್ ಬೀಳುತ್ತದೆ: ಉಚಿತ ಕುರಿ ಸ್ನಾನ ಯೋಜನೆ. ಹೊಳೆಯುವ ಸುಣ್ಣನ ಫೋಟೋ ಹಡಗು ಹೊರಟ ದೇಶಕ್ಕೆ ಹೋಗಿ ಪ್ರಶಸ್ತಿ ತರುತ್ತದೆ.

ಇ. ಊರೆಲ್ಲ ಎದ್ದು ಫ್ಯಾಕ್ಟರಿಗೆ ಬೀಗ ಹಾಕುತ್ತದೆ. (ಇದನ್ನು ಬರೆಯುವಾಗ ನನಗೇ ನಾಚಿಕೆಯಾಯಿತು.)

ಮುತ್ತಮ್ಮ ಮೂರನ್ನೂ ಓದಿಸಿ ಕೇಳಿ ತಲೆಯಾಡಿಸಿದಳು.

"ಅರ್ಜೆಂಟ್ ಮಾಡ್ಬ್ಯಾಡ ಟೀಚರಮ್ಮ. ಟೈರ್ ತರ್ವಾಗ ನಮ್ಮುನ್ನ ಯಾರೂ ಕೇಳ್ಲಿಲ್ಲ. ಚಿಮಣಿ ಕಟ್ವಾಗ್ಲೂ ಕೇಳ್ಲಿಲ್ಲ. ಇವನೊಬ್ಬನ್ನ ತಾನೆ ಒಪ್ಗೆ ಕೇಳವ್ರೆ? ಯೋಚ್ನೆ ಮಾಡ್ಲಿ ಬಿಡು."

ಆದ್ದರಿಂದ ಮುಗಿಸುತ್ತಿಲ್ಲ. ಎರಡನೇ ಕುಲುಮೆ ತಣ್ಣಗಿದೆ. ನೀರು ಬೀಳುತ್ತಲೇ ಇದೆ. ಸುಣ್ಣ ಹುಟ್ಟಿದ ದಿನದಷ್ಟು ಬೆಳ್ಳಗೆ ನಿಂತಿದೆ, ಮೈ ಕೊಡವಿಲ್ಲ. ಈಗಷ್ಟೇ ಒಂದು ಸಲ ಕೆಮ್ಮಿತು. ಅದನ್ನೇ ಒಪ್ಪಿಗೆ ಎಂದು ಲೆಕ್ಕ ಹಿಡಿಯಬಹುದೇ ಎಂದು ಹರಿಹರನ್ ಪೂಜಾರಿಯನ್ನು ಕೇಳುತ್ತಿದ್ದಾನೆ.