ಅತ್ತೆಯ ಟರ್ಮಿನಲ್ಲಿಗೆ ಮೂರು ತಂತಿ

ನಿವೃತ್ತಿಯಾದ ಮೇಲೆ ಅತ್ತೆಗೆ ಪತ್ತೇದಾರಿ ಕಾದಂಬರಿ ಬರೆಯುವ ಹುಚ್ಚು ಹಿಡಿಯಿತು. ಆದರೆ ಹೊಸ ಕಂಪ್ಯೂಟರಿನ ಪರದೆ ಕಣ್ಣಿಗೆ ಚುಚ್ಚುತ್ತಿತ್ತು. ಪತ್ರಿಕಾ ಕಚೇರಿಯಲ್ಲಿ ಅರ್ಧ ಆಯುಸ್ಸು ಕುಟ್ಟಿದ್ದ ಹಳೆಯ ಟರ್ಮಿನಲ್ಲೇ ಬೇಕೆಂದು ಹಟ ಹಿಡಿದರು. ಕಚೇರಿಯವರು ಗುಜರಿಗೆ ಹಾಕುವಾಗ ಅದನ್ನು ಕೇಳಿ ಮನೆಗೆ ತಂದಿದ್ದರು.

"ಅದು ಬರೀ ಪರದೆ, ಕೀಲಿಮಣೆ ಅಮ್ಮ. ಸ್ವಂತ ಬುದ್ಧಿ ಇಲ್ಲ," ಅಂದ ಮಗ.

"ಬುದ್ಧಿ ಕಂಪ್ಯೂಟರಿಂದೇ ಇರ್ಲಿ. ಕಣ್ಣು ನಂದು."

ಎರಡನ್ನೂ ಜೋಡಿಸುವ ಕೇಬಲ್ಲಿನ ಕೆಲಸ ಸೊಸೆಯ ಪಾಲಿಗೆ ಬಂತು. ಮುಂದಿನ ಕೋಣೆಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುವ ಅವಳಿಗೆ ಬೆಸುಗೆ ಹಾಕುವುದು ನೀರು ಕುಡಿದಷ್ಟು ಸಲೀಸು. ಯಂತ್ರಗಳು ಮಾತಾಡಬೇಕಾದರೆ ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ಅದಕ್ಕೇ ಎರಡನೇ ಪಿನ್ನಿನ ತಂತಿಯನ್ನು ಆಚೆ ತುದಿಯ ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿದಳು. ಮೂರನೆಯ ತಂತಿ ಗ್ರೌಂಡಿಗೆ. ಅತ್ತೆ ಕುಟ್ಟಿದರು. ಕಂಪ್ಯೂಟರಿನಲ್ಲಿ ಒಂದಕ್ಷರವೂ ಮೂಡಲಿಲ್ಲ.

"ಉಸಿರೇ ಇಲ್ವಲ್ಲೇ."

ಸೊಸೆಗೆ ಮುಜುಗರವಾಯಿತು. ಬೆಸುಗೆಯನ್ನೆಲ್ಲ ಮತ್ತೆ ನೋಡಿದಳು, ಗಟ್ಟಿಯಾಗೇ ಇತ್ತು. ಕೇಬಲ್ ಕಿತ್ತು, ಎರಡು ಯಂತ್ರಗಳ ಪಿನ್ನುಗಳಿಗೂ ಮೀಟರ್ ಮುಟ್ಟಿಸಿದಳು; ಮುಳ್ಳು ಅಲುಗಿದ ಪಿನ್ನೇ ಬಾಯಿ. ಟರ್ಮಿನಲ್ಲಿನ ದೊಡ್ಡ ಪ್ಲಗ್ಗಿನಲ್ಲಿ ಮುಳ್ಳು ಅಲುಗಿದ್ದು ಎರಡರಲ್ಲಿ. ಕಂಪ್ಯೂಟರಿನ ಚಿಕ್ಕ ಪ್ಲಗ್ಗಿನಲ್ಲಿ ಮೂರರಲ್ಲಿ. ಅವಳಿಗೆ ನಗು ಬಂತು.

"ಚಿಕ್ಕದರಲ್ಲಿ ಮೊದಲೇ ಅದಲುಬದಲು ಮಾಡಿಟ್ಟಿದ್ದಾರೆ ಅತ್ತೆ. ನಾನು ಮತ್ತೆ ತಿರುಗಿಸಿ ಬಾಯಿಗೆ ಬಾಯಿ ಕಟ್ಟಿದ್ದೆ."

"ನಮ್ಮನೆ ಥರ ಅನ್ನು. ಎಲ್ಲರೂ ಮಾತಾಡೋರೇ."

ತಂತಿ ಬಿಚ್ಚಿ, ಎರಡನ್ನು ಎರಡಕ್ಕೆ, ಮೂರನ್ನು ಮೂರಕ್ಕೆ ನೇರವಾಗಿ ಬೆಸೆದಳು. ಈ ಸಲ ಅತ್ತೆಯ ಬೆರಳು ಓಡಿದಂತೆಲ್ಲ ಕಂಪ್ಯೂಟರಿನಲ್ಲಿ ಅಕ್ಷರಗಳು ಸಾಲುಗಟ್ಟಿದವು. ಸೊಸೆ ಬಗ್ಗಿ ಓದಿದಳು: 'ಬೆಳಗಾಗುವಷ್ಟರಲ್ಲಿ ಸೊಸೆ ಅಡುಗೆಮನೆಯಲ್ಲಿ ಹೆಣವಾಗಿದ್ದಳು.'

"ಮೊದಲ ಸಾಲಲ್ಲೇ ನನ್ನ ಕಥೆ ಮುಗಿಸಿಬಿಟ್ರಾ?"

"ನೀನಲ್ವೇ, ಯಾವಳೋ ಒಬ್ಬಳು. ಪತ್ತೇದಾರಿ ಕಥೆ ಅಂದ್ಮೇಲೆ ಯಾರಾದ್ರೂ ಸಾಯ್ಬೇಕು ತಾನೆ?"

"ಅತ್ತೆನೇ ಸಾಯ್ಬಹುದಿತ್ತಲ್ಲ."

ಅತ್ತೆ ಕನ್ನಡಕ ಏರಿಸಿಕೊಂಡರು. "ಅತ್ತೆ ಸತ್ರೆ ಪತ್ತೆ ಮಾಡೋರ್ಯಾರು?"

ಸೊಸೆ ನಗುತ್ತ ಪ್ಲಗ್ಗಿನ ಸ್ಕ್ರೂ ಬಿಗಿ ಮಾಡಿ ತನ್ನ ಕೆಲಸಕ್ಕೆ ಹೋದಳು. ಕುಟ್ಟುವ ಸದ್ದು ಗೋಡೆಯಾಚೆ ನಡೆದೇ ಇತ್ತು. ಸಂಜೆ ಕಾಫಿ ಕೊಡಲು ಬಂದವಳು ಇಣುಕಿದರೆ, ಕಥೆಯ ಸೊಸೆಗೆ ಬರೀ ಎಚ್ಚರ ತಪ್ಪಿತ್ತು.